ತರಬೇತಿ ಊರಲ್ಲಿ, ಕೆಲಸ ಪೇಟೆಯಲ್ಲಿ

2024ರ ಜನವರಿ 12ರಂದು ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅಷ್ಟು ಹೊತ್ತಿಗೆ ದೇಶದಲ್ಲೂ ರಾಜ್ಯದಲ್ಲೂ ‘ಕೌಶಲ’ ಎಂಬ ಹೆಸರು ಹೊತ್ತ ಇಲಾಖೆ, ನಿಗಮ, ಮಿಷನ್‌ಗಳು ಹತ್ತು ಹದಿನೈದು ವರ್ಷ ಕೆಲಸ ಮಾಡಿದ್ದವು. ಕೈಗೆ ಕಸುಬು ಕಲಿಸಿದರೆ ಕೆಲಸ ಹಿಂದೆಯೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಕೋಟಿಗಟ್ಟಲೆ ಸುರಿದ ಮೇಲೂ ನೇರವಾಗಿ ಹಣ ಕೊಡಬೇಕಾಗಿ ಬಂತು. ದುಡ್ಡು ಕೊಡುವ ಬದಲು ತರಬೇತಿ ಕೊಡಿ ಎಂದರು ಒಂದು ಕಡೆಯವರು. ಕೊಟ್ಟ ತರಬೇತಿಯ ಗತಿ ಏನಾಯಿತು, ಹೇಳಿ ಎಂದರು ಇನ್ನೊಂದು ಕಡೆಯವರು. ಎರಡೂ ನ್ಯಾಯವಾದ ಮಾತುಗಳೇ.

ಈ ಜಗಳವನ್ನು ವಿಧಾನಸೌಧದ ಮೆಟ್ಟಿಲಿಂದ ನೋಡಿದರೆ ಅಂಕಿಅಂಶ ಮಾತ್ರ ಕಾಣುತ್ತದೆ. ಜಡೆಯಿಂದ ನೋಡಿದರೆ ದಾರಿ ಕಾಣುತ್ತದೆ. ಜಡೆ ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರ. ಆನವಟ್ಟಿ, ಬನವಾಸಿ, ಶಿಕಾರಿಪುರ ಇದರ ಸುತ್ತಿನ ಪೇಟೆಗಳು. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ, ಅನಾನಸು ಬೆಳೆಯುವ ಈ ಸೀಮೆಯಲ್ಲಿ ದೊಡ್ಡ ಕಾರ್ಖಾನೆ ಇಲ್ಲ. ಮುಖ್ಯಮಂತ್ರಿಗಳಿಗೆ ಮಾತ್ರ ಬರವಿಲ್ಲ: ಸೊರಬ ತಾಲ್ಲೂಕಿನ ಕುಬಟೂರಿನವರು ಎಸ್. ಬಂಗಾರಪ್ಪ, ಶಿಕಾರಿಪುರವನ್ನು ದಶಕಗಳ ಕಾಲ ಪ್ರತಿನಿಧಿಸಿದವರು ಬಿ.ಎಸ್. ಯಡಿಯೂರಪ್ಪ. ಆದ್ದರಿಂದ ಸರ್ಕಾರದ ಕಣ್ಣು ಈ ಕಡೆ ಬೀಳಲಿಲ್ಲ ಎನ್ನುವ ಸಬೂಬು ಇಲ್ಲಿ ನಡೆಯುವುದಿಲ್ಲ. ಹಾಗಿದ್ದೂ ಐಟಿಐ ಮುಗಿಸಿದ ಹುಡುಗ ಸಂಜೆ ಬ್ಯಾಗು ಹಿಡಿದು ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುತ್ತಾನೆ.

ದಾಸೋಜ ಎಲ್ಲಿ ಕಲಿತ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವಿತ್ತು. ಅದರ ಬಗ್ಗೆ 1162ರ ಶಾಸನವೊಂದು ಉದ್ದಕ್ಕೆ ಹೇಳುತ್ತದೆ: ವೇದ, ವ್ಯಾಕರಣ, ದರ್ಶನ, ಪುರಾಣಗಳ ಪಾಠ, ಹಸಿದವರಿಗೆ ಊಟ, ರೋಗಿಗಳಿಗೆ ಮದ್ದು. ಅಂದಿನ ವಿಶ್ವವಿದ್ಯಾಲಯ ಎಂದು ಇಂದು ನಾವು ಹೆಮ್ಮೆಪಡುವುದು ಇದನ್ನೇ. ಆದರೆ ಅದೇ ಬಳ್ಳಿಗಾವೆಯಿಂದ ಬೇಲೂರಿಗೆ ಹೋಗಿ ಚೆನ್ನಕೇಶವ ದೇಗುಲದ ಶಿಲ್ಪಗಳಲ್ಲಿ ತಮ್ಮ ಹೆಸರು ಕೊರೆದಿಟ್ಟ ದಾಸೋಜ ಮತ್ತು ಅವನ ಮಗ ಚಾವಣ ಉಳಿ ಹಿಡಿಯಲು ಕಲಿತದ್ದು ಆ ಪಠ್ಯಕ್ರಮದಿಂದಲ್ಲ. ಮಠದಲ್ಲಿ ಶಾಸ್ತ್ರ, ಮನೆಯಲ್ಲಿ ಕಸುಬು. ನಮ್ಮ ಶಿಕ್ಷಣ ಈ ಎರಡನ್ನೂ ಒಂದೇ ಸೂರಿನಡಿ ಕೂರಿಸಲು ನೂರಿಪ್ಪತ್ತು ವರ್ಷಗಳಿಂದ ಒದ್ದಾಡುತ್ತಿದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು: ಒಂಬೈನೂರು ವರ್ಷದ ಹಿಂದೆಯೂ ಬಳ್ಳಿಗಾವೆಯ ಒಳ್ಳೆಯ ಕೈ ಕೆಲಸ ಹುಡುಕಿಕೊಂಡು ಊರು ಬಿಟ್ಟಿತ್ತು.

ಮೈಸೂರು ಸಂಸ್ಥಾನ ಮೊದಲು ಮಾಡಿದ್ದು ಕಸುಬಿಗೆ ಶಾಲೆಯನ್ನು ಕಟ್ಟುವ ಕೆಲಸ. ಮೈಸೂರಿನ ಕೈಗಾರಿಕಾ ಶಾಲೆ ಬೆಳೆದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಾಯಿತು. ಮರಗೆಲಸ, ಬೀಟೆಯ ಮೇಲಿನ ಕುಸುರಿ ಅಲ್ಲಿ ಪಾಠವಾದವು. ವಿಶ್ವೇಶ್ವರಯ್ಯನವರ ಕಾಲದ ದಾರಿ ಬೇರೆ. ಅವರ ದಿವಾನಗಿರಿಯ ಕೊನೆಗೆ ರೂಪುಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಪಕ್ಕಕ್ಕೆ ಬಂತು. ಅಲ್ಲಿ ಕಾರ್ಖಾನೆ ಮೊದಲು, ಕೌಶಲ ಆಮೇಲೆ. ಮಲೆನಾಡಿನ ರೈತರ ಮಕ್ಕಳು ಕುಲುಮೆಯ ಮುಂದೆ ನಿಂತೇ ಫಿಟ್ಟರುಗಳೂ ಮೋಲ್ಡರುಗಳೂ ಆದರು. ಶಾಲೆ ಮೊದಲೋ ಕಾರ್ಖಾನೆ ಮೊದಲೋ ಎಂಬ ಇಂದಿನ ಜಗಳದ ಎರಡು ತುದಿಗಳೂ ಆ ಹೊತ್ತಿಗೇ ಈ ನೆಲದಲ್ಲಿ ಕಾಣಿಸಿದ್ದವು.

ಸ್ವಾತಂತ್ರ್ಯಾನಂತರದ್ದನ್ನು ಚುಟುಕಾಗಿ ಹೇಳಬಹುದು. 1950ರಲ್ಲಿ ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆ ಬಂತು, ಐಟಿಐಗಳ ಬೇರು ಅದೇ. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ. 1970ರ ದಶಕದ ಕೊನೆಗೆ ಪಿಯು ಮಟ್ಟದಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ಕಟ್ಟಿದ ಸ್ವ ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್. 1990ರ ದಶಕದ ಮೊದಲಲ್ಲಿ ಬಂಗಾರಪ್ಪ ಸರ್ಕಾರ ಗ್ರಾಮೀಣ ಕುಶಲಕರ್ಮಿಗಳಿಗಾಗಿ ತಂದ ‘ವಿಶ್ವ’. 2008ರಲ್ಲಿ, ಯಡಿಯೂರಪ್ಪನವರು ಮುಖ್ಯಮಂತ್ರಿಯಾದ ವರ್ಷ, ರಾಜ್ಯದ ವೃತ್ತಿ ತರಬೇತಿ ಮತ್ತು ಕೌಶಲ್ಯಾಭಿವೃದ್ಧಿ ನಿಗಮ. 2015ರಲ್ಲಿ ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ಸಿದ್ದರಾಮಯ್ಯ ಸರ್ಕಾರದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ. 2022ರ ಜೂನ್‌ನಲ್ಲಿ ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿದ 150 ಐಟಿಐಗಳು ನಾಡಿಗೆ ಅರ್ಪಣೆಯಾದವು. ಪಕ್ಷ ಯಾವುದಿದ್ದರೂ ಉದ್ಘಾಟನೆಗೆ ಕೊರತೆಯಾಗಿಲ್ಲ.

ಕಲಿತರೆ ಕೂಲಿ ಏರುತ್ತದೆ ಎನ್ನುವವರು

ಈ ಯೋಜನೆಗಳೆಲ್ಲದರ ಹಿಂದೆ ಇರುವ ವಾದ ಸರಳ. ಮನುಷ್ಯನ ಕೌಶಲವೂ ಒಂದು ಬಂಡವಾಳ. ಅದರ ಮೇಲೆ ಹೂಡಿದರೆ ಉತ್ಪಾದನೆ ಏರುತ್ತದೆ, ಸಂಬಳವೂ ಏರುತ್ತದೆ. 1960ರ ದಶಕದಲ್ಲಿ ಥಿಯೊಡೋರ್ ಶುಲ್ಟ್ಸ್, ಗ್ಯಾರಿ ಬೆಕರ್ ಇದಕ್ಕೆ ಅರ್ಥಶಾಸ್ತ್ರದ ರೂಪ ಕೊಟ್ಟರು. ಬೆಕರ್ ಇನ್ನೂ ಒಂದು ಮಾತು ಸೇರಿಸಿದರು: ಎಲ್ಲ ಕಡೆ ಬೆಲೆ ಬರುವ ಕೌಶಲಕ್ಕೆ ಮಾಲೀಕ ದುಡ್ಡು ಹಾಕುವುದಿಲ್ಲ, ಕಲಿತವನು ಪಕ್ಕದ ಕಾರ್ಖಾನೆಗೆ ಹೋಗಿಬಿಟ್ಟಾನೆಂಬ ಅಂಜಿಕೆ. ಬಡವನ ಕೈಯಲ್ಲಿ ಹಾಕಲು ದುಡ್ಡಿಲ್ಲ. ಹಾಗಾಗಿ ಸರ್ಕಾರ ಬರಬೇಕು.

ಈ ಪಂಥದ ಕೈಯಲ್ಲಿರುವ ದೊಡ್ಡ ಅಸ್ತ್ರ 2015ರ ರಾಷ್ಟ್ರೀಯ ಕೌಶಲ ನೀತಿಯ ಒಂದು ಹೋಲಿಕೆ. ಔಪಚಾರಿಕ ತರಬೇತಿ ಪಡೆದ ದುಡಿಮೆಗಾರರು ಭಾರತದಲ್ಲಿ ನೂರಕ್ಕೆ 4.69, ಜರ್ಮನಿಯಲ್ಲಿ 75, ಜಪಾನಿನಲ್ಲಿ 80, ದಕ್ಷಿಣ ಕೊರಿಯಾದಲ್ಲಿ 96. ನೋಡಿದರೆ ಎದೆ ಧಸಕ್ಕೆನ್ನಬೇಕು. ಆದರೆ ಈ ಎಣಿಕೆಯಲ್ಲಿ ದಾಸೋಜನಿಗೆ ಜಾಗವಿಲ್ಲ. ಶಿರಾಳಕೊಪ್ಪದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗೂ ಇಲ್ಲ. ಸರ್ಟಿಫಿಕೇಟು ಇಲ್ಲದಿರುವುದಕ್ಕೂ ಕೌಶಲ ಇಲ್ಲದಿರುವುದಕ್ಕೂ ಇರುವ ದೂರವನ್ನು ನೀತಿ ಬರೆದವರೂ ಬಲ್ಲರು. ಬಲ್ಲದ್ದರಿಂದಲೇ ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಯೋಜನೆಯೊಳಗೆ ಸೇರಿಸಿದರು. ಅದರಿಂದ ಗುರಿ ಮುಟ್ಟಿದವರ ಸಂಖ್ಯೆ ಬೇಗ ಏರಿತು. ಮೇಸ್ತ್ರಿಯ ಕೂಲಿ ಏರಿತೇ ಎಂಬುದು ಬೇರೆ ಪ್ರಶ್ನೆ.

ವೃತ್ತಿಶಾಲೆ ಒಂದು ಭ್ರಮೆ ಎಂದವರು

1965ರಲ್ಲಿ ಫಿಲಿಪ್ ಫಾಸ್ಟರ್ ಎಂಬ ವಿದ್ವಾಂಸರು ಘಾನಾ ದೇಶದ ಅನುಭವ ಹಿಡಿದು ಒಂದು ಕಟುವಾದ ಪ್ರಬಂಧ ಬರೆದರು. ಹಳ್ಳಿ ಹುಡುಗರು ಕಸುಬಿನ ಶಾಲೆ ಬಿಟ್ಟು ಗುಮಾಸ್ತಗಿರಿಯ ಓದಿಗೆ ಮುಗಿಬೀಳುವುದು ತಿಳಿಗೇಡಿತನದಿಂದಲ್ಲ. ಸಂಬಳ, ಭದ್ರತೆ, ಮರ್ಯಾದೆ ಎಲ್ಲಿದೆಯೆಂದು ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಬದಲಾಗದೆ ಪಠ್ಯಕ್ರಮ ಬದಲಿಸಿ ಪ್ರಯೋಜನವಿಲ್ಲ ಎಂಬುದು ಅವರ ವಾದ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನ ಗತಿಯನ್ನೂ ಈ ಕಣ್ಣಿನಿಂದ ಓದಬಹುದು. ಚರಕ ಶಾಲೆಗೆ ಬಂತು, ಸಂಬಳ ಕಚೇರಿಯಲ್ಲೇ ಉಳಿಯಿತು.

ಕರ್ನಾಟಕದಲ್ಲಿ ಫಾಸ್ಟರರ ಮಾತಿಗೆ ಜೆಒಸಿಗಿಂತ ಒಳ್ಳೆಯ ಸಾಕ್ಷಿ ಬೇಡ. ರೇಷ್ಮೆ, ಬೆಳೆ ಉತ್ಪಾದನೆ, ಎಲೆಕ್ಟ್ರಾನಿಕ್ಸ್, ಪ್ರಯೋಗಾಲಯ ತಂತ್ರಜ್ಞ ಎಂದು ಚೆಂದದ ಕೋರ್ಸುಗಳಿದ್ದವು. ಪಾಠ ಹೇಳಿದವರಲ್ಲಿ ಬಹುಪಾಲು ಅರೆಕಾಲಿಕರು. ಸೇರಿದವರಿಗೆ ಮುಂದಿನ ಓದಿನ ಬಾಗಿಲು ಕಿರಿದು, ಹೊರಗೆ ಕೆಲಸದ ಬಾಗಿಲು ಇನ್ನೂ ಕಿರಿದು. 2010ರ ದಶಕದಲ್ಲಿ ಕೋರ್ಸು ನಿಂತುಹೋಯಿತು. ಇಂದು ಆ ಹೆಸರು ಕಣ್ಣಿಗೆ ಬೀಳುವುದು ನೇಮಕಾತಿ ಅಧಿಸೂಚನೆಗಳಲ್ಲಿ, ಪಿಯುಸಿಗೆ ತತ್ಸಮಾನ ಎಂದು ಒಕ್ಕಣೆ ಇರುವಲ್ಲಿ. ಗುಮಾಸ್ತರ ಹಿಂಡು ತಗ್ಗಿಸಲೆಂದು ಬಂದ ಕೋರ್ಸು ಕೊನೆಗೆ ಗುಮಾಸ್ತಿಕೆಯ ಅರ್ಜಿಗೆ ಅರ್ಹತೆಯಾಗಿ ಉಳಿಯಿತು.

ಕಾರ್ಖಾನೆಯೇ ಶಾಲೆ ಎನ್ನುವವರು

ಮೂರನೆಯವರ ಮಾತಿಗೆ ಜರ್ಮನಿಯ ಮಾದರಿ ಆಧಾರ. ವಾರದಲ್ಲಿ ಕೆಲವು ದಿನ ಕಾರ್ಖಾನೆ, ಉಳಿದ ದಿನ ಶಾಲೆ. ನಮ್ಮಲ್ಲಿ ಇದಕ್ಕೆ ಅತಿ ಹತ್ತಿರದ್ದು ಜಿಟಿಟಿಸಿ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದ ಹುಡುಗನ ಕೈಗೆ ನಿಜವಾದ ಯಂತ್ರ, ನಿಜವಾದ ಗಿರಾಕಿಯ ಕೆಲಸ ಸಿಗುತ್ತದೆ. ಅವರಿಗೆ ಕೆಲಸ ಸಿಗುವುದು ಕಷ್ಟವಲ್ಲ ಎಂಬುದನ್ನು ಜಿಟಿಟಿಸಿಯ ಟೀಕಾಕಾರರೂ ಒಪ್ಪುತ್ತಾರೆ. ಆದರೆ ಈ ಮಾದರಿಗೆ ಸುತ್ತ ಕಾರ್ಖಾನೆ ಬೇಕು. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ನಡೆಯುವುದು ಆನವಟ್ಟಿಯಲ್ಲಿ ನಡೆಯಬೇಕಾದರೆ ಅಪ್ರೆಂಟಿಸನ್ನು ಎಲ್ಲಿಗೆ ಕಳಿಸುವುದು?

ಇನ್ನೊಂದು ತೊಡಕನ್ನು ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನ ತೋರಿಸಿಕೊಟ್ಟಿತು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಷಾಧಂ ಎಂಬ ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಸಂವಹನ, ಸಮಯಪಾಲನೆ ಮುಂತಾದವನ್ನು ಕಲಿಸಿದ ಕಾರ್ಯಕ್ರಮವನ್ನು ಪರೀಕ್ಷಿಸಿದರು. ಯಾರನ್ನು ಸೇರಿಸಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದರಿಂದ ಹೋಲಿಕೆ ಗಟ್ಟಿಯಾಗಿತ್ತು. ಕಲಿತವರ ಉತ್ಪಾದಕತೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿತು. ಅವರ ಸಂಬಳ ಏರಿದ್ದು ನೂರಕ್ಕೆ ಬರೀ ಅರ್ಧ. ಕಂಪನಿಗೆ ಹಾಕಿದ ದುಡ್ಡಿನ ಮೇಲೆ ತರಬೇತಿ ಮುಗಿದ ಎಂಟೇ ತಿಂಗಳಲ್ಲಿ ಶೇಕಡ 250ಕ್ಕೂ ಮೀರಿದ ಲಾಭ. ತರಬೇತಿ ಕೆಲಸ ಮಾಡುತ್ತದೆಯೇ ಎಂದು ಕೇಳಿದರೆ ಹೌದು. ಯಾರಿಗೆ ಎಂದು ಕೇಳಿದರೆ ಉತ್ತರ ಅಷ್ಟು ಹಿತವಲ್ಲ. ಗಾರ್ಮೆಂಟ್ಸ್ ಈಗ ಶಿವಮೊಗ್ಗಕ್ಕೂ ಬಂದಿದೆ. ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸು ಹತ್ತಿ ಹೋಗುತ್ತಾರೆ. ಮಲೆನಾಡಿನ ಮನೆಗಳಲ್ಲಿ ಈ ಸಂಬಳ ತಂದ ಬದಲಾವಣೆಯನ್ನು ಸಣ್ಣದೆನ್ನಲಾರೆ. ಆದರೆ ಲಾಭ ಹಂಚಿಕೆಯಾದ ರೀತಿಯನ್ನೂ ಮರೆಯಲಾರೆ.

ಮರವೇ ಇಲ್ಲದೆ ಉಳಿ ಏಕೆ?

ನಾಲ್ಕನೆಯವರ ವಾದ ಒಂದೇ ಮಾತಿನದ್ದು: ಕೆಲಸವೇ ಇಲ್ಲದ ಕಡೆ ಕೌಶಲ ಕಲಿಸಿ ಏನು ಮಾಡುತ್ತೀರಿ? ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಇದನ್ನು ಅಲ್ಲಗಳೆಯುವುದು ಕಷ್ಟ. ಭದ್ರಾವತಿಯ ಕಾಗದದ ಕಾರ್ಖಾನೆ ಸದ್ದು ನಿಲ್ಲಿಸಿ ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರು ಹೋರಾಟಕ್ಕಿಳಿದರು. ಪಳಗಿದ ಕೈಗಳು ಇದ್ದೇ ಇದ್ದವು; ಇಲ್ಲವಾದದ್ದು ಕುಲುಮೆ.

ಸೊರಬ ಮತ್ತು ಸಾಗರದ ಗುಡಿಗಾರರ ಕಥೆ ಇನ್ನೂ ಸೂಕ್ಷ್ಮ. ಗಂಧದ ಕೆತ್ತನೆ, ಬೆಂಡಿನ ಬಾಸಿಂಗ, ಮಣ್ಣಿನ ಗಣಪತಿ ಇವರ ಕೈಕೆಲಸ. ಮಕ್ಕಳು ಮನೆಯ ಜಗಲಿಯ ಮೇಲೆ ಕಲಿಯುತ್ತಿದ್ದರು. ಶಿಷ್ಯವೇತನ, ಬಯೋಮೆಟ್ರಿಕ್ ಹಾಜರಿ ಏನೂ ಬೇಕಿರಲಿಲ್ಲ. ಆದರೆ ಗಂಧದ ಮರ ಟಿಪ್ಪುವಿನ ಕಾಲದಿಂದ ಸರ್ಕಾರದ ಸ್ವತ್ತು. ಜಮೀನಿನಲ್ಲಿ ಬೆಳೆದ ಗಂಧ ಜಮೀನಿನವನದು ಎಂದು ಕಾನೂನು ಒಪ್ಪಿದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧ ಕಳ್ಳರ ಪಾಲಾಗಿತ್ತು. ಡಿಪೊದಲ್ಲಿ ತುಂಡು ಸಿಗುವುದು ಕಡಿಮೆಯಾಯಿತು, ಸಿಕ್ಕಿದ್ದರ ಬೆಲೆ ಕೈಗೆಟುಕದಾಯಿತು, ಅನೇಕರು ಶಿವನೆ ಮರಕ್ಕೆ ಇಳಿದರು. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ 18 ಕಸುಬುಗಳವರಿಗೆ ಕೆಲವು ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಒಳ್ಳೆಯದೇ. ಆದರೆ ಗುಡಿಗಾರನಿಗೆ ಬೇಕಾದದ್ದು ಮರ ಮತ್ತು ಮಾರುಕಟ್ಟೆ. ಉಳಿ ಹಿಡಿಯುವುದನ್ನು ಅವನಿಗೆ ಕಲಿಸಲು ಹೋಗುವುದು ಮೀನಿಗೆ ಈಜು ಹೇಳಿಕೊಟ್ಟಂತೆ.

ಈ ವಾದಕ್ಕೆ ಉತ್ತರವೆಂದು ತೋರಿಸುವುದು ರುಡ್‌ಸೆಟ್ ಮಾದರಿಯನ್ನು. ಕೆಲಸ ಕೊಡುವವರಿಲ್ಲದಿದ್ದರೆ ಕೆಲಸ ಹುಟ್ಟಿಸಿಕೊಳ್ಳಿ ಎಂಬುದು ಅದರ ನಿಲುವು. ಉಚಿತ ಊಟ ವಸತಿ, ಕೆಲವು ವಾರಗಳ ಬಿಗಿಯಾದ ತರಬೇತಿ, ಬ್ಯಾಂಕಿನದೇ ಕೈ ಇರುವುದರಿಂದ ಸಾಲದ ದಾರಿ, ಎರಡು ವರ್ಷ ಬೆನ್ನ ಹಿಂದೆ ನಿಲ್ಲುವ ಪದ್ಧತಿ. 2009ರ ಹೊತ್ತಿಗೆ ಕೇಂದ್ರ ಸರ್ಕಾರ ಇದನ್ನೇ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹರಡಲು ಹೊರಟಿತು. ಹತ್ತರಲ್ಲಿ ಏಳು ಜನ ನೆಲೆ ನಿಂತಿದ್ದಾರೆ ಎಂಬುದು ಈ ಸಂಸ್ಥೆಗಳು ಕೊಡುವ ಲೆಕ್ಕ. ಕರ್ನಾಟಕ ದೇಶಕ್ಕೆ ಕೊಟ್ಟ ಒಳ್ಳೆಯ ಮಾದರಿಗಳಲ್ಲಿ ಇದೊಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಒಂದು ಹೋಬಳಿಗೆ ಎಷ್ಟು ಮೊಬೈಲ್ ರಿಪೇರಿ ಅಂಗಡಿ, ಎಷ್ಟು ಬ್ಯೂಟಿ ಪಾರ್ಲರು ಬೇಕು?

ಕೊನೆಗಾರನ ಲೆಕ್ಕ

ಇಷ್ಟು ಪಂಥಗಳನ್ನೂ ಒಟ್ಟಿಗೆ ಪೇಚಿಗೆ ಸಿಲುಕಿಸುವ ಕಸುಬೊಂದು ಜಡೆಯ ಸುತ್ತಲೇ ಇದೆ. ಸೊರಬ, ಸಾಗರ, ಶಿರಸಿ ಸೀಮೆಯಲ್ಲಿ ಅಡಿಕೆ ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಬೇಕು, ಮಳೆ ಕಳೆದ ಮೇಲೆ ಕೊನೆ ಇಳಿಸಬೇಕು. ಒಂದು ಮರದಿಂದ ಇನ್ನೊಂದಕ್ಕೆ ಮೇಲಿಂದಲೇ ದಾಟುವವನಿಗಾಗಿ ತೋಟದವರು ವಾರಗಟ್ಟಲೆ ಕಾಯುತ್ತಾರೆ. ಬೇಡಿಕೆ ಇದೆ, ಊರಲ್ಲೇ ಇದೆ, ದಿನಗೂಲಿ ಪೇಟೆಯ ಹೊಸ ಫಿಟ್ಟರನದಕ್ಕಿಂತ ಎಷ್ಟೋ ಮೇಲು. ಬಂಡವಾಳದ ವಾದ ನಿಜವಾಗಿದ್ದರೆ ಹುಡುಗರು ಸಾಲುಗಟ್ಟಬೇಕಿತ್ತು.

ಬರುವುದಿಲ್ಲ. ಕಾರಣ ಕೇಳಿದರೆ ಎಲ್ಲರೂ ಸಂಕೋಚವಿಲ್ಲದೆ ಹೇಳುತ್ತಾರೆ. ಬಿದ್ದರೆ ಸೊಂಟ ಹೋಯಿತು. ಕೆಲಸ ವರ್ಷದಲ್ಲಿ ಕೆಲವು ತಿಂಗಳದ್ದು. ಮರ ಹತ್ತುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಅಪ್ಪ ಹತ್ತಿದ್ದು ಮಗ ಹತ್ತದಿರಲಿ ಎಂದೇ. ಬೆಂಗಳೂರಿನಲ್ಲಿ 15,000ಕ್ಕೆ ದುಡಿದು ಬಾಡಿಗೆ ಕಟ್ಟಿ ಏನೂ ಉಳಿಯದಿದ್ದರೂ ‘ಕಂಪನಿಯಲ್ಲಿದ್ದಾನೆ’ ಎನ್ನಬಹುದು. ಫಾಸ್ಟರರ ಹುಡುಗರು ಹಾಕಿದ ಲೆಕ್ಕವೇ ಇದೂ. ಆದರೆ ಇಲ್ಲಿ ಒಂದು ಅಂಶ ಹೆಚ್ಚು: ಯಾವ ಕಸುಬು ಯಾವ ಜಾತಿಯದೆಂದು ಊರಿಗೆಲ್ಲ ಗೊತ್ತು. ಆ ಗುರುತಿನಿಂದ ಪಾರಾಗಲು ಪೇಟೆ ಒಂದು ದಾರಿ. ಕೌಶಲದ ಬಗ್ಗೆ ಬರೆಯುವ ಅರ್ಥಶಾಸ್ತ್ರಜ್ಞರು ಈ ಅಂಶವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನ್ನ ಮಟ್ಟಿಗೆ ಮಲೆನಾಡಿನಲ್ಲಿ ಮುಖ್ಯ ಪಠ್ಯವೇ ಇದು.

ಹಾಗೆಂದು ದಾರಿ ಇಲ್ಲವೆಂದಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರ ಬಳಸಿ ಮರ ಹತ್ತುವ ತರಬೇತಿ ನಡೆಸಿತು. ಅಡಿಕೆಯಲ್ಲಿ ನೆಲದ ಮೇಲೆ ನಿಂತೇ ಕೊನೆ ಇಳಿಸುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದಕ್ಕೂ ಶಿಬಿರಗಳಾಗುತ್ತಿವೆ. ದೋಟಿ ಹಿಡಿದವನು ಕೊನೆಗಾರನಲ್ಲ, ಆಪರೇಟರ್. ಉಪಕರಣ ಬದಲಾದಾಗ ಮರ್ಯಾದೆಯೂ ಬದಲಾಗುವುದನ್ನು ಟ್ರ್ಯಾಕ್ಟರ್ ಬಂದಾಗಲೇ ಈ ಸೀಮೆ ನೋಡಿದೆ.

ಲೆಕ್ಕಪರಿಶೋಧಕರು ಕಂಡದ್ದು

ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ಮಾತು ತಣ್ಣಗಿದೆ. ಬಡ ದೇಶಗಳ ತರಬೇತಿ ಕಾರ್ಯಕ್ರಮಗಳನ್ನು 2017ರಲ್ಲಿ ಅವಲೋಕಿಸಿದ ಡೇವಿಡ್ ಮೆಕೆಂಜಿ, ನೂರು ಜನರಿಗೆ ತರಬೇತಿ ಕೊಟ್ಟರೆ ಅದರಿಂದಲೇ ಕೆಲಸ ಸಿಕ್ಕಿತೆನ್ನಬಹುದಾದವರು ಸರಾಸರಿ ಮೂವರೂ ಇಲ್ಲ ಎಂದರು. ಕಾರ್ಡ್, ಕ್ಲೂವೆ, ವೆಬರ್ ಎಂಬ ಮೂವರ 2018ರ ಸಮೀಕ್ಷೆ ಸ್ವಲ್ಪ ಸಮಾಧಾನ ಹೇಳುತ್ತದೆ: ಮೊದಲ ವರ್ಷ ಫಲ ಕಾಣದು, ಎರಡು ಮೂರು ವರ್ಷಕ್ಕೆ ಕಾಣುತ್ತದೆ. ನಮ್ಮ ಯೋಜನೆಗಳಾದರೋ ಪ್ಲೇಸ್‌ಮೆಂಟನ್ನು ಎಣಿಸುವುದು ಕೋರ್ಸು ಮುಗಿದ ಕೆಲವೇ ತಿಂಗಳಲ್ಲಿ. ತರಬೇತಿ ಏಜೆನ್ಸಿಗೆ ಕಂತು ಬಿಡುಗಡೆಯಾಗುವುದು ಅದರ ಮೇಲೆ. ಕೆಲಸಕ್ಕೆ ಸೇರಿಸಿ ಫೋಟೊ ತೆಗೆದರೆ ಏಜೆನ್ಸಿಯ ಹೊಣೆ ಮುಗಿಯಿತು; ಹುಡುಗ ನಾಲ್ಕನೇ ತಿಂಗಳು ಊರಿಗೆ ಮರಳಿದ್ದು ಯಾರ ಕಡತದಲ್ಲೂ ಇಲ್ಲ. 2025ರ ಕೊನೆಗೆ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯಲ್ಲಿ ಕೇಂದ್ರದ ಕೌಶಲ ವಿಕಾಸ ಯೋಜನೆಯಡಿ ಪ್ರಮಾಣಪತ್ರ ಪಡೆದವರಲ್ಲಿ ಕೆಲಸ ಸಿಕ್ಕವರು ನೂರಕ್ಕೆ ಸುಮಾರು 41. ಫಲಾನುಭವಿಗಳ ಬ್ಯಾಂಕ್ ಖಾತೆಯ ವಿವರಗಳಲ್ಲೂ ಭಾರೀ ಲೋಪಗಳು.

ಇನ್ನೂ ತೀರ್ಮಾನವಾಗದ್ದು

ತರಬೇತಿ ಹೊಸ ಕೆಲಸ ಹುಟ್ಟಿಸುತ್ತದೆಯೋ, ಇದ್ದ ಕೆಲಸವನ್ನೇ ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸುತ್ತದೆಯೋ? ಫ್ರಾನ್ಸಿನಲ್ಲಿ ಎಸ್ತರ್ ಡುಫ್ಲೊ ಮತ್ತು ಸಹೋದ್ಯೋಗಿಗಳು ಕೆಲಸ ಹುಡುಕುವವರಿಗೆ ನೆರವಾಗುವ ಕಾರ್ಯಕ್ರಮವೊಂದನ್ನು ಪರೀಕ್ಷಿಸಿದಾಗ, ನೆರವು ಸಿಕ್ಕವರ ಲಾಭದಲ್ಲಿ ಒಂದಷ್ಟು ಸಿಗದವರ ನಷ್ಟದಿಂದ ಬಂದದ್ದು ಕಂಡಿತು. ಇಂಥ ಪರೀಕ್ಷೆಯನ್ನು ಕರ್ನಾಟಕದ ಯೋಜನೆಗಳಿಗೂ ಒಡ್ಡಬೇಕು. ಅಲ್ಲಿಯವರೆಗೆ ‘ಇಷ್ಟು ಲಕ್ಷ ಯುವಜನರಿಗೆ’ ಎಂಬ ಜಾಹೀರಾತಿನ ಅರ್ಥ ಅರ್ಧವೇ.

ಊರಿಗೆ ತಕ್ಕ ಕೌಶಲ ಕಲಿಸಬೇಕೋ, ಊರು ಬಿಡಲು ಬೇಕಾದ ಕೌಶಲ ಕಲಿಸಬೇಕೋ ಎಂಬುದೂ ಬಗೆಹರಿದಿಲ್ಲ. ಮೊದಲನೆಯದು ಹುಡುಗರನ್ನು ಹಳ್ಳಿಗೇ ಕಟ್ಟಿಹಾಕುತ್ತದೆಂದು ಒಬ್ಬರು, ಎರಡನೆಯದು ಹಳ್ಳಿಯನ್ನು ವೃದ್ಧಾಶ್ರಮ ಮಾಡುತ್ತದೆಂದು ಇನ್ನೊಬ್ಬರು. ನಾನು ಎರಡನೆಯದರ ಕಡೆ ವಾಲುತ್ತೇನೆ, ಆದರೆ ಒಂದು ಷರತ್ತಿನೊಂದಿಗೆ: ಹೊರಡುವವನ ಮೊದಲ ಆರು ತಿಂಗಳ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಖರ್ಚೂ ತರಬೇತಿಯ ವೆಚ್ಚವೇ ಎಂದು ಬಜೆಟ್ ಒಪ್ಪಬೇಕು. ಯುವನಿಧಿಯ ದುಡ್ಡನ್ನು ಈ ದಾರಿಖರ್ಚಿಗೆ ಜೋಡಿಸಬಹುದೇ ಎಂಬುದನ್ನು ಎರಡೂ ಕಡೆಯವರು ಕೂತು ಚರ್ಚಿಸಿದ್ದು ಕಾಣೆ.

ಕೊನೆಯದು ಸ್ಥಳೀಯರ ಪ್ರಶ್ನೆ, ಕನ್ನಡಿಗರಿಗೆ ಉದ್ಯೋಗ ಕೊಡುವ ಕುರಿತ ಸರೋಜಿನಿ ಮಹಿಷಿ ವರದಿಯಷ್ಟು ಹಳೆಯದು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ ಮಸೂದೆ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂದಿತು. ಉದ್ಯಮಿಗಳ ಆಕ್ಷೇಪ ಬಂದದ್ದೇ ತಡ, ಒಂದೆರಡು ದಿನದಲ್ಲಿ ಅದು ತಡೆಹಿಡಿಯಲ್ಪಟ್ಟಿತು. ಗದ್ದಲದಲ್ಲಿ ಯಾರೂ ಗಮನಿಸದ ಒಂದು ಅಂಶ ಅದರಲ್ಲಿತ್ತು: ಅರ್ಹ ಸ್ಥಳೀಯರು ಸಿಗದಿದ್ದರೆ ಸರ್ಕಾರದ ಜೊತೆಗೂಡಿ ಮೂರು ವರ್ಷದೊಳಗೆ ತರಬೇತಿ ಕೊಟ್ಟು ಸಿದ್ಧಪಡಿಸಬೇಕು. ಮೀಸಲಾತಿಯ ಪ್ರಮಾಣವನ್ನು ಪಕ್ಕಕ್ಕಿಟ್ಟು ಆ ಒಂದು ಕಲಮನ್ನೇ ಕಾನೂನು ಮಾಡಿದರೆ ಏನಾಗುತ್ತದೆ? ಮೂರು ವರ್ಷದ ಖರ್ಚು ಕಂಪನಿಯದೋ ಸರ್ಕಾರದ್ದೋ? ಜಡೆಯ ಹುಡುಗಿ ಆ ಎಣಿಕೆಯಲ್ಲಿ ಸ್ಥಳೀಯಳಾಗುವುದು ಬೆಂಗಳೂರಿನಲ್ಲಿಯೋ, ಅಥವಾ ಕಾರ್ಖಾನೆಯೇ ಶಿಕಾರಿಪುರದ ಕಡೆ ಬಂದಾಗಲೋ?